ಕಾಸರಗೋಡಿನ ಬಗ್ಗೆ ತಪ್ಪು ಬರೆದ ಪುಸ್ತಕಕ್ಕೆ ವಿಮರ್ಶೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರದವನು. ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಇಂಗ್ಲಿಷಿನಲ್ಲಿ ಹೊಸದಾಗಿ ಬಂದ ಸಂಶೋಧನಾ ಗ್ರಂಥವೊಂದಕ್ಕೆ 1,500 ಪದಗಳ ವಿಮರ್ಶೆ ಬರೆದುಕೊಡಿ ಎಂದು ಕನ್ನಡ ಪತ್ರಿಕೆಯೊಂದು ಕೇಳಿದೆ. ಎರಡು ತಿಂಗಳ ಗಡುವು. ಪುಸ್ತಕ 300 ಪುಟದ್ದು: ಮೊದಲರ್ಧ ರಾಜಕೀಯ ತತ್ತ್ವಶಾಸ್ತ್ರ, ಉಳಿದದ್ದು ಗಡಿ ಪ್ರದೇಶಗಳ ಅಂಕಿಅಂಶ ಮತ್ತು ಕ್ಷೇತ್ರಕಾರ್ಯ. ನನ್ನ ಕರಡನ್ನು ಸಂಪಾದಕರು ‘ಇದು ಅಧ್ಯಾಯಗಳ ಸಾರಾಂಶ, ವಿಮರ್ಶೆಯಲ್ಲ’ ಎಂದು ವಾಪಸ್ ಕಳಿಸಿದ್ದಾರೆ. ಇನ್ನೊಂದು ವಿಷಯ: ಪುಸ್ತಕದಲ್ಲಿ ಕಾಸರಗೋಡಿನ ಬಗ್ಗೆ ಇರುವುದು ಒಂದೇ ಪ್ಯಾರಾ. ಅದರಲ್ಲೂ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗದ ಶಿಫಾರಸಿನಂತೆ ಕಾಸರಗೋಡು ಕೇರಳಕ್ಕೆ ಸೇರಿತು ಎಂದಿದೆ; ಆಯೋಗ ಹೇಳಿದ್ದು ಅದರ ತದ್ವಿರುದ್ಧ. ಈ ತಪ್ಪನ್ನೇ ಮುಖ್ಯವಾಗಿ ಹಿಡಿದು ಬರೆಯಬಹುದೆ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಆ ತಪ್ಪು ಪುಸ್ತಕದ ವಾದವನ್ನು ಕೆಡವುತ್ತದೆ ಎಂದಾದರೆ ವಿಮರ್ಶೆಯನ್ನು ಅದರ ಮೇಲೇ ಕಟ್ಟಬಹುದು. ಕೆಡವುವುದಿಲ್ಲ ಎಂದಾದರೆ ಪುಟಸಂಖ್ಯೆ ಕೊಟ್ಟು ಒಂದೇ ಸಾಲು ಬರೆದರೆ ಸಾಕು. ಗಡಿನಾಡಿನಿಂದ ಬರುವ ವಿಮರ್ಶೆಗಳು ಹೆಚ್ಚಾಗಿ ಸೊರಗುವುದು ಇಲ್ಲೇ. ‘ನಮ್ಮ ಬಗ್ಗೆ ಬರೆದಿಲ್ಲ’, ‘ನಮ್ಮ ಬಗ್ಗೆ ತಪ್ಪು ಬರೆದಿದ್ದಾರೆ’ ಅನ್ನುವುದು ದೂರು. ಲೇಖಕರ ಪ್ರಮೇಯದ (ಪುಸ್ತಕದ ಮುಖ್ಯ ವಾದದ) ಎದುರು ಕಾಸರಗೋಡನ್ನು ಇಟ್ಟು, ಪ್ರಮೇಯ ನಿಲ್ಲುತ್ತದೋ ಇಲ್ಲವೋ ಎಂದು ತೋರಿಸುವುದು ವಿಮರ್ಶೆ. ಎರಡಕ್ಕೂ ಬೇಕಾದ ಮಾಹಿತಿ ಒಂದೇ, ಮಾಡುವ ಕೆಲಸ ಮಾತ್ರ ಬೇರೆ.

ಈಗ ವಾಪಸ್ ಬಂದ ಕರಡಿನ ವಿಚಾರ. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾ ಟಿಪ್ಪಣಿ ಮಾಡಿಕೊಂಡು, ಅದೇ ಟಿಪ್ಪಣಿಯನ್ನು ಅದೇ ಅನುಕ್ರಮದಲ್ಲಿ ಹಿಗ್ಗಿಸಿ ಬರೆದರೆ ಸಾರಾಂಶವಲ್ಲದೆ ಬೇರೇನೂ ಆಗಲು ಸಾಧ್ಯವಿಲ್ಲ. ‘ಎರಡನೇ ಅಧ್ಯಾಯದಲ್ಲಿ ಲೇಖಕರು... ಮೂರನೇ ಅಧ್ಯಾಯದಲ್ಲಿ...’ ಎಂದು ಪ್ಯಾರಾಗಳು ಶುರುವಾಗುತ್ತಿದ್ದರೆ ರೋಗ ಅಲ್ಲೇ ಗೊತ್ತಾಗುತ್ತದೆ. ಹಾಗಾಗಿ ಬರೆಯುವ ಕ್ರಮಕ್ಕಿಂತ ಮೊದಲು ಓದುವ ಕ್ರಮವನ್ನು ಬದಲಿಸಿ. ಮುನ್ನುಡಿ, ಪೀಠಿಕೆ, ಕೊನೆಯ ಅಧ್ಯಾಯ, ಈ ಮೂರನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಆಮೇಲೆ ಗ್ರಂಥಸೂಚಿ ಮತ್ತು ಪದಸೂಚಿ ನೋಡಿ. ಯಾರ ಜೊತೆ ವಾದಕ್ಕಿಳಿದಿದ್ದಾರೆ, ಯಾರನ್ನು ಓದಿಯೇ ಇಲ್ಲ, ಯಾವ ಪರಿಕಲ್ಪನೆಗೆ 40 ಪುಟ ಕೊಟ್ಟಿದ್ದಾರೆ, ಯಾವುದಕ್ಕೆ ಎರಡೇ ಪುಟ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಆಮೇಲೆ ಇಡೀ ಪುಸ್ತಕದ ಭಾರ ಹೊತ್ತಿರುವ ಅಧ್ಯಾಯ ಯಾವುದೆಂದು ಊಹಿಸಿ ಅದನ್ನು ನಿಧಾನವಾಗಿ, ಪೆನ್ಸಿಲ್ ಹಿಡಿದು ಓದಿ. ಉಳಿದ ಅಧ್ಯಾಯಗಳು ಅದಾದ ಮೇಲೆ. 300 ಪುಟದ ಇಂಥ ಪುಸ್ತಕಕ್ಕೆ ಒಟ್ಟು 25ರಿಂದ 30 ಗಂಟೆ ಬೇಕು. ದಿನಕ್ಕೆ ಎರಡು ಗಂಟೆಯಂತೆ ಎರಡು ವಾರ ಇಟ್ಟುಕೊಳ್ಳಿ. ಬರೆಯಲು ಒಂದು ವಾರ, ಬರೆದದ್ದನ್ನು ಮುಟ್ಟದೆ ಬಿಡಲು ಒಂದು ವಾರ, ತಿದ್ದಲು ಮೂರು ದಿನ. ಎರಡು ತಿಂಗಳು ಧಾರಾಳವಾಯಿತು.

ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು ಮೂರು ವಾಕ್ಯ ಬರೆಯಿರಿ: ಲೇಖಕರು ಏನು ಹೇಳುತ್ತಾರೆ, ಯಾರ ವಿರುದ್ಧ ಹೇಳುತ್ತಾರೆ, ಯಾವ ಆಧಾರದ ಮೇಲೆ ಹೇಳುತ್ತಾರೆ. ಮೊದಲ ವಾಕ್ಯ ಸರಿಯಾಗಿದೆಯೆ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಬುದ್ಧಿವಂತನಾದ ಒಬ್ಬ ಅದನ್ನು ಅಲ್ಲಗಳೆಯಲು ಸಾಧ್ಯವಾಗಬೇಕು. ‘ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕು’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಪ್ರಮೇಯವಲ್ಲ, ಸದಾಶಯ. ‘ವಲಸೆ ಬಂದವರಿಗಿಂತ ಇದ್ದಲ್ಲೇ ಇದ್ದು ಅಲ್ಪಸಂಖ್ಯಾತರಾದವರಿಗೆ ಹೆಚ್ಚಿನ ಭಾಷಾ ಹಕ್ಕು ಸಲ್ಲಬೇಕು, ಏಕೆಂದರೆ ಭಾಷೆ ಬಿಡುವ ಆಯ್ಕೆಯನ್ನು ಅವರು ಮಾಡಿಕೊಂಡವರಲ್ಲ’ ಎಂಬುದು ಪ್ರಮೇಯ. ಕೆನಡಾದ ರಾಜಕೀಯ ತತ್ತ್ವಜ್ಞ ವಿಲ್ ಕಿಮ್ಲಿಕಾ 1995ರಲ್ಲಿ ಮಂಡಿಸಿದ ಈ ಬಗೆಯ ವಾದದ ಸುತ್ತ ಮೂವತ್ತು ವರ್ಷಗಳಿಂದ ಜಗಳ ನಡೆಯುತ್ತಲೇ ಇದೆ. ಮೂರೂ ವಾಕ್ಯ ಬರೆಯಲು ಆಗುತ್ತಿಲ್ಲ ಎಂದಾದರೆ ಒಂದೋ ನೀವು ಇನ್ನೊಮ್ಮೆ ಓದಬೇಕು, ಇಲ್ಲವೇ ಪುಸ್ತಕದಲ್ಲೇ ಪ್ರಮೇಯ ಇಲ್ಲ. ಎರಡನೆಯದು ನೀವು ಅಂದುಕೊಂಡಷ್ಟು ಅಪರೂಪವಲ್ಲ, ಪಿಎಚ್.ಡಿ. ಪ್ರಬಂಧವನ್ನು ಹಾಗೆಯೇ ಪುಸ್ತಕ ಮಾಡಿದಾಗ ವಿಶೇಷವಾಗಿ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಇನ್ನೊಮ್ಮೆ ಓದಿಬಿಡಿ.

ತತ್ತ್ವಶಾಸ್ತ್ರದ ಭಾಗವನ್ನು ವಿಮರ್ಶಿಸುವಾಗ ವಾದದ ಮೆಟ್ಟಿಲುಗಳಿಗೆ ನಂಬರ್ ಹಾಕಿ. ಉದಾಹರಣೆಗೆ: ಒಂದು, ಬದುಕಿನಲ್ಲಿ ಅರ್ಥಪೂರ್ಣ ಆಯ್ಕೆ ಮಾಡಲು ಮನುಷ್ಯನಿಗೆ ಒಂದು ಭಾಷೆ, ಒಂದು ಸಂಸ್ಕೃತಿ ಬೇಕು. ಎರಡು, ಶಾಲೆ, ಕಚೇರಿ, ನ್ಯಾಯಾಲಯಗಳಲ್ಲಿ ಜಾಗ ಇಲ್ಲದ ಭಾಷೆ ಕ್ರಮೇಣ ಮನೆಯೊಳಗೆ ಕುಗ್ಗುತ್ತದೆ. ಮೂರು, ಬಹುಸಂಖ್ಯಾತರ ಭಾಷೆಗೆ ಈ ಜಾಗ ತಾನಾಗಿ ಸಿಗುತ್ತದೆ. ಆದ್ದರಿಂದ ನಾಲ್ಕು, ಅಲ್ಪಸಂಖ್ಯಾತರ ಭಾಷೆಗೆ ಸರ್ಕಾರ ಈ ಜಾಗವನ್ನು ಮಾಡಿಕೊಡಬೇಕು. ಓದಲು ಸರಾಗವಾಗಿದೆ. ಆದರೆ ಒಂದರಿಂದ ನಾಲ್ಕಕ್ಕೆ ಬರುವಾಗ ಹೇಳದೆ ಬಿಟ್ಟ ಮೆಟ್ಟಿಲೊಂದಿದೆ: ಮನುಷ್ಯನಿಗೆ ‘ಒಂದು’ ಭಾಷೆ ಬೇಕು ಎಂಬುದರಿಂದ ‘ತನ್ನದೇ’ ಭಾಷೆ ಬೇಕು ಎಂಬುದು ಹೇಗೆ ಬಂತು? ಕಾನೂನು ತತ್ತ್ವಜ್ಞ ಜೆರೆಮಿ ವಾಲ್‌ಡ್ರನ್ 1992ರಲ್ಲೇ ಈ ಬಗೆಯ ಆಕ್ಷೇಪ ಎತ್ತಿದ್ದರು. ಕಾಸರಗೋಡಿನ ಕುಂಬಳೆಯ ಮಗುವೊಂದು ಮಲಯಾಳ ಮಾಧ್ಯಮದಲ್ಲಿ ಕಲಿತರೂ ಅದಕ್ಕೆ ಆಯ್ಕೆಗಳು ಇದ್ದೇ ಇರುತ್ತವಲ್ಲ, ಹಾಗಾದರೆ ಕಳೆದುಕೊಂಡದ್ದೇನು? ಭಾಷೆ ಬದಲಿಸುವುದರ ವೆಚ್ಚವನ್ನು ಹೊರಲು ಯಾರನ್ನೂ ಒತ್ತಾಯಿಸಬಾರದು ಎಂಬುದು ಕಿಮ್ಲಿಕಾ ಪಕ್ಷದ ಉತ್ತರ. ನೀವು ವಿಮರ್ಶಿಸುವ ಪುಸ್ತಕ ಈ ಉತ್ತರವನ್ನು ಎರವಲು ಪಡೆದಿದೆಯೋ, ಹೊಸತೇನಾದರೂ ಸೇರಿಸಿದೆಯೋ, ಆಕ್ಷೇಪವನ್ನೇ ಗಮನಿಸಿಲ್ಲವೋ? ಪುಸ್ತಕದ ಬೆಲೆ ಅರ್ಧ ತೀರ್ಮಾನವಾಗುವುದು ಇಲ್ಲಿ.

ವಾದವನ್ನು ಪರೀಕ್ಷಿಸುವ ಮೊದಲು ಅದನ್ನು ಅದರ ಅತಿ ಗಟ್ಟಿಯಾದ ರೂಪದಲ್ಲಿ ಬರೆಯಿರಿ. ತಾಳಮದ್ದಳೆಯ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎದುರು ಪಾತ್ರದ ಮಾತಿನ ತೂಕವನ್ನು ಇಳಿಸಿ, ಆಮೇಲೆ ಅದನ್ನು ಗೆದ್ದೆ ಎನ್ನುವ ಅರ್ಥಧಾರಿಗೆ ನಮ್ಮ ಸಭೆಯಲ್ಲಿ ಬೆಲೆ ಇಲ್ಲ. ಲೇಖಕರೇ ನಿಮ್ಮ ಸಂಗ್ರಹವನ್ನು ಓದಿದರೆ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನಬೇಕು. ಅಷ್ಟಾಗುವವರೆಗೆ ಆಕ್ಷೇಪಕ್ಕೆ ಕೈಹಾಕಬೇಡಿ.

ಒಳ್ಳೆಯ ಆಕ್ಷೇಪ ಎಂದರೆ ಹೇಗಿರುತ್ತದೆ? ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದಾಗ ಬ್ರಿಟನ್ನಿನ ಕಾನೂನು ತತ್ತ್ವಜ್ಞ ಎಚ್.ಎಲ್.ಎ. ಹಾರ್ಟ್ 1973ರಲ್ಲಿ ಅದರ ಒಂದೇ ಒಂದು ಕೀಲನ್ನು ಹಿಡಿದು ಬರೆದರು. ಉಳಿದೆಲ್ಲಕ್ಕಿಂತ ಸ್ವಾತಂತ್ರ್ಯಕ್ಕೆ ಆದ್ಯತೆ ಎನ್ನುತ್ತೀರಿ. ಆ ಆದ್ಯತೆಯನ್ನು ಜನ ಏಕೆ ಒಪ್ಪಬೇಕು ಎಂಬುದಕ್ಕೆ ಕೊಟ್ಟ ಕಾರಣ ಸಾಲದು, ಮತ್ತು ಸ್ವಾತಂತ್ರ್ಯಗಳು ಒಂದಕ್ಕೊಂದು ಅಡ್ಡ ಬಂದಾಗ ‘ಅತಿ ಹೆಚ್ಚಿನ ಸ್ವಾತಂತ್ರ್ಯ’ ಎಂಬ ಅಳತೆಗೋಲು ಕೆಲಸಕ್ಕೆ ಬರುವುದಿಲ್ಲ. ಅಷ್ಟೇ. ಗ್ರಂಥದ ನೂರು ವಿಷಯಗಳ ಬಗ್ಗೆ ಹಾರ್ಟ್ ಮಾತಾಡಲಿಲ್ಲ. 1981ರ ಉಪನ್ಯಾಸಗಳಲ್ಲಿ ರಾಲ್ಸ್ ಈ ಕೊರತೆಯನ್ನು ಒಪ್ಪಿಕೊಂಡು ತಮ್ಮ ಮೊದಲ ತತ್ತ್ವದ ವಾಕ್ಯರಚನೆಯನ್ನೇ ಬದಲಿಸಿದರು. ‘ಅತಿ ವಿಸ್ತಾರವಾದ’ ಎಂಬ ಜಾಗಕ್ಕೆ ‘ಪೂರ್ಣವಾಗಿ ಸಾಕಾಗುವಷ್ಟು’ ಎಂಬ ಅರ್ಥದ ಮಾತು ಬಂತು. 1,500 ಪದದಲ್ಲಿ ಏಳೆಂಟು ಆಕ್ಷೇಪ ತುರುಕಿದರೆ ಯಾವುದಕ್ಕೂ ಉತ್ತರಿಸುವ ಅಗತ್ಯ ಲೇಖಕರಿಗೆ ಬೀಳುವುದಿಲ್ಲ. ಒಂದು ದೊಡ್ಡದು, ಬೇಕಿದ್ದರೆ ಒಂದು ಸಣ್ಣದು. ಅಷ್ಟು ಸಾಕು.

ನಿಮ್ಮ ಊರು ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. ಕಿಮ್ಲಿಕಾ ಮಾದರಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಗುಂಪುಗಳಿವೆ: ತಮ್ಮ ನೆಲದಲ್ಲೇ ಇದ್ದು ದೊಡ್ಡ ರಾಜ್ಯವೊಂದರೊಳಗೆ ಸೇರಿಹೋದವರು, ಮತ್ತು ಬೇರೆ ಕಡೆಯಿಂದ ವಲಸೆ ಬಂದವರು. ಕಾಸರಗೋಡಿನ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ, ರಾಜ್ಯದ ಗಡಿಗೆರೆ ಬಂತು. ಅಲ್ಲಿಗೆ ಅವರು ಮೊದಲ ಗುಂಪು. ಮೊದಲ ಗುಂಪಿಗೆ ಆ ಮಾದರಿ ಹೆಚ್ಚು ಹಕ್ಕು ಕೊಡುವುದು, ತಮ್ಮ ಭಾಷೆ, ಸಂಸ್ಕೃತಿ ಬಿಡುವ ಆಯ್ಕೆಯನ್ನು ಅವರು ಮಾಡಿಕೊಂಡವರಲ್ಲ ಎಂಬ ಕಾರಣಕ್ಕೆ. ಆದರೆ ಗಡಿಯ ತಲಪಾಡಿ ದಾಟಿದರೆ ಕನ್ನಡವನ್ನೇ ಆಡಳಿತ ಭಾಷೆಯಾಗಿ ಉಳ್ಳ ಇಡೀ ರಾಜ್ಯವಿದೆ. ಪಕ್ಕದಲ್ಲೇ ತವರಿದ್ದೂ ಗೆರೆಯ ಈಚೆ ಉಳಿದವರ ಹಕ್ಕು ಹೆಚ್ಚೋ ಕಡಿಮೆಯೋ? ಪಕ್ಕದ ರಾಜ್ಯದ ಕನ್ನಡ ಇಲ್ಲಿನವರಿಗೆ ಸರ್ಕಾರಿ ಅರ್ಜಿ ತುಂಬಲು ನೆರವಾಗುತ್ತದೆಯೆ? ಲೇಖಕರ ಪ್ರಮೇಯ ಇದಕ್ಕೆ ಏನಾದರೂ ಉತ್ತರ ಕೊಡಲೇಬೇಕು. ಕೊಡದಿದ್ದರೆ ಅದು ಲೋಪ, ಮತ್ತು ನೀವು ಅದನ್ನು ತೋರಿಸಿದ್ದೀರಿ. ಪುಸ್ತಕ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ‘ಪ್ರತಿ ಪ್ರದೇಶಕ್ಕೂ ಒಂದು ಭಾಷೆ, ಅಲ್ಲಿ ಅದಕ್ಕೇ ಮೇಲುಗೈ’ ಎಂಬ ಪ್ರಾದೇಶಿಕ ತತ್ತ್ವವನ್ನು ಸಮರ್ಥಿಸಿದ್ದರೆ ಪ್ರಶ್ನೆ ಇನ್ನೂ ಚುರುಕಾಗುತ್ತದೆ: ಪ್ರದೇಶದ ಗೆರೆ ಎಲ್ಲಿ ಎಂಬುದನ್ನು ಆ ತತ್ತ್ವ ಹೇಳುತ್ತದೆಯೋ, ಅಥವಾ ಯಾರೋ ಎಳೆದ ಗೆರೆಯನ್ನು ಮೊದಲೇ ಒಪ್ಪಿಕೊಂಡು ಶುರುವಾಗುತ್ತದೆಯೋ?

ರಾಜ್ಯಶಾಸ್ತ್ರದ ಭಾಗಕ್ಕೆ ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ, ಪ್ರಕರಣಗಳನ್ನು ಹೇಗೆ ಆಯ್ದುಕೊಂಡಿದ್ದಾರೆ ಎಂಬುದು. ಗಡಿಯ ಭಾಷಾ ಅಲ್ಪಸಂಖ್ಯಾತರು ಚಳವಳಿಗೆ ಇಳಿಯಲು ಇಂಥದು ಕಾರಣ ಎಂದು ಹೇಳುವ ಪುಸ್ತಕ ಬೆಳಗಾವಿ ಮತ್ತು ಕಾಸರಗೋಡನ್ನು ಮಾತ್ರ ನೋಡಿದ್ದರೆ, ಅದು ಚಳವಳಿ ಆದ ಕಡೆಯನ್ನು ಮಾತ್ರ ನೋಡಿದಂತಾಯಿತು. ಫಲಿತಾಂಶ ನೋಡಿ ಪ್ರಕರಣ ಆಯ್ದುಕೊಳ್ಳುವ ಈ ದೋಷವನ್ನು ರಾಜ್ಯಶಾಸ್ತ್ರದಲ್ಲಿ ಬಾರ್ಬರಾ ಗೆಡ್ಡೆಸ್ 1990ರಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟರು. ಅದೇ ಕಾರಣ ಇದ್ದೂ ಚಳವಳಿ ಅಷ್ಟು ಬಲವಾಗಿ ಬೆಳೆಯದ ಊರುಗಳು ಲೆಕ್ಕಕ್ಕೆ ಬರದಿದ್ದರೆ ಆ ಕಾರಣವೇ ಕಾರಣ ಎಂದು ಹೇಳಲಾಗದು. ಕನ್ನಡಿಗರ ಮಟ್ಟಿಗೆ ಆ ಊರುಗಳ ಪಟ್ಟಿ ಕೈಯಲ್ಲೇ ಇದೆ: ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ, ಕೃಷ್ಣಗಿರಿಯ ಹೊಸೂರು, ಆಂಧ್ರದ ಮಡಕಶಿರಾ ಮತ್ತು ಆದವಾನಿ, ಮಹಾರಾಷ್ಟ್ರದ ಅಕ್ಕಲಕೋಟೆ ಮತ್ತು ಜತ್. ಜತ್ ಇನ್ನೂ ಒಂದು ಪಾಠ ಕಲಿಸುತ್ತದೆ. 2022ರ ಕೊನೆಯಲ್ಲಿ ಅಲ್ಲಿನ ಗ್ರಾಮಗಳು ಕರ್ನಾಟಕಕ್ಕೆ ಸೇರುವ ಮಾತು ಸುದ್ದಿಯಾದಾಗ ಭಾಷೆಗಿಂತ ಜೋರಾಗಿ ಕೇಳಿಸಿದ್ದು ಕುಡಿಯುವ ಮತ್ತು ನೀರಾವರಿಯ ನೀರಿನ ಪ್ರಶ್ನೆ. ಕಾರಣ ಭಾಷೆಯೇ ಎಂದು ಸಾಧಿಸುವ ಪುಸ್ತಕ ನೀರನ್ನು ಪಕ್ಕಕ್ಕಿಟ್ಟು ತೋರಿಸಿದೆಯೆ ಎಂದು ಕೇಳಿ.

ಎರಡನೆಯದು ಅಳತೆ. ಈ ಬಗೆಯ ಮಿಶ್ರ ಪುಸ್ತಕಗಳು ಹೆಚ್ಚಾಗಿ ಬಿರುಕು ಬಿಡುವುದು ತತ್ತ್ವಶಾಸ್ತ್ರದ ಅರ್ಧ ಮತ್ತು ಅಂಕಿಅಂಶದ ಅರ್ಧ ಕೂಡುವ ಜಾಗದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲರ್ಧದಲ್ಲಿ ಭಾಷೆ ಎಂದರೆ ಶಾಲೆ, ಪತ್ರಿಕೆ, ಕಚೇರಿ, ಪೂಜೆ, ಸಭೆಗಳಲ್ಲಿ ಜನ ಬಾಳುವ ಸಾರ್ವಜನಿಕ ಮಾಧ್ಯಮ. ಎರಡನೇ ಅರ್ಧದ ಕೋಷ್ಟಕದಲ್ಲಿ ಅದೇ ಭಾಷೆ ಜನಗಣತಿಯ ಮಾತೃಭಾಷೆಯ ಕಾಲಂ ಆಗಿಬಿಟ್ಟಿರುತ್ತದೆ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13 ಲಕ್ಷ ಚಿಲ್ಲರೆ. ಅದರಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ. 4, ತುಳುವಿನವರು ಶೇ. 9ರ ಹತ್ತಿರ. ದೂರದ ಸಂಶೋಧಕರು ಈ ಶೇ. 4ನ್ನು ನೋಡಿ ‘ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ನಗಣ್ಯ’ ಎಂದು ಬರೆದುಬಿಡಬಹುದು. ಬದಿಯಡ್ಕದಲ್ಲೋ ಪೈವಳಿಕೆಯಲ್ಲೋ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿ, ಬೆಳಿಗ್ಗೆ ಕನ್ನಡ ಪತ್ರಿಕೆ ಬಿಡಿಸುವ ಮನೆಗಳು ಆ ಕಾಲಂನಲ್ಲಿ ಇಲ್ಲ. ಇದು ಉಲ್ಟಾ ಕೂಡ ಆಗುತ್ತದೆ: ಹವ್ಯಕ ಕನ್ನಡ ಆಡುವ ಮನೆ ಕನ್ನಡದ ಲೆಕ್ಕಕ್ಕೇ ಸೇರುತ್ತದೆ, ಆದರೆ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿರಬಹುದು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಮಾತೃಭಾಷೆಯ ಅಂಕಿ ತಪ್ಪಲ್ಲ. ಲೇಖಕರು ಮೊದಲರ್ಧದಲ್ಲಿ ವ್ಯಾಖ್ಯಾನಿಸಿದ ವಸ್ತುವನ್ನು ಅದು ಅಳೆಯುವುದಿಲ್ಲ, ಅಷ್ಟೆ. ಶಾಲಾ ದಾಖಲಾತಿಯ ಮಾಧ್ಯಮವಾರು ಅಂಕಿ ಅದಕ್ಕೆ ಹತ್ತಿರದ ಅಳತೆ. ಅದನ್ನು ಏಕೆ ಬಳಸಲಿಲ್ಲ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಇದನ್ನೇ ವಿಮರ್ಶೆಯಲ್ಲಿ ಬರೆಯುವ ಬಗೆಗೆ ಒಂದು ಮಾದರಿ (ಅಧ್ಯಾಯದ ಸಂಖ್ಯೆಗಳನ್ನು ನಿಮ್ಮ ಪುಸ್ತಕಕ್ಕೆ ತಕ್ಕಂತೆ ಹಾಕಿಕೊಳ್ಳಿ):

‘ಎರಡನೇ ಅಧ್ಯಾಯ ಭಾಷೆಯನ್ನು ಶಾಲೆ, ಕಚೇರಿ, ಪತ್ರಿಕೆಗಳ ಮೂಲಕ ಬದುಕುವ ಸಾರ್ವಜನಿಕ ಮಾಧ್ಯಮ ಎಂದು ವಿವರಿಸುತ್ತದೆ, ಇದು ಪುಸ್ತಕದ ಒಳ್ಳೆಯ ಒಳನೋಟ. ಆರನೇ ಅಧ್ಯಾಯದ ಕೋಷ್ಟಕದಲ್ಲಿ ಮಾತ್ರ ಆ ಜಾಗದಲ್ಲಿ ಜನಗಣತಿಯ ಮಾತೃಭಾಷೆ ಬಂದು ಕೂತಿದೆ. ಕಾಸರಗೋಡಿನಲ್ಲಿ ಇವೆರಡರ ನಡುವೆ ತುಳು, ಕೊಂಕಣಿ, ಮರಾಠಿ ಮನೆಮಾತಿನ ಕನ್ನಡ ಓದುಗರಿದ್ದಾರೆ. ಹಾಗಾಗಿ ಸಣ್ಣ ಗುಂಪುಗಳು ಬೇಗ ಕರಗುತ್ತವೆ ಎಂಬ ತೀರ್ಮಾನಕ್ಕೆ ಈ ಕೋಷ್ಟಕ ಸಾಕ್ಷಿಯಾಗಲಾರದು.’

ನಾಲ್ಕು ವಾಕ್ಯ. ಇದರಲ್ಲಿ ಮೆಚ್ಚುಗೆ, ಅಧ್ಯಾಯದ ಗುರುತು, ಊರಿನ ಸಾಕ್ಷ್ಯ, ತೀರ್ಮಾನದ ಮಿತಿ ಎಲ್ಲ ಬಂದವು. ‘ಲೇಖಕರಿಗೆ ನಮ್ಮ ಊರಿನ ವಾಸ್ತವ ಗೊತ್ತಿಲ್ಲ’ ಎಂಬ ಮಾತು ಬಂದಿಲ್ಲ, ಬರಲೂಬಾರದು.

ಅಂಕಿಯ ಜೊತೆಗೆ ಪ್ರದೇಶದ ಎಲ್ಲೆಯನ್ನೂ ನೋಡಿಕೊಳ್ಳಿ. 1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ‘ಕಾಸರಗೋಡು ತಾಲೂಕು’ ಸುಮಾರಾಗಿ ಇಂದಿನ ಇಡೀ ಜಿಲ್ಲೆ. ಅದರಿಂದ ಹೊಸದುರ್ಗ ತಾಲೂಕು ಬೇರೆಯಾಯಿತು, 1984ರ ಮೇ 24ರಂದು ಜಿಲ್ಲೆ ರಚನೆಯಾಯಿತು, 2011ರ ಜನಗಣತಿಯ ನಂತರ ಮಂಜೇಶ್ವರ ಮತ್ತು ವೆಳ್ಳರಿಕುಂಡು ತಾಲೂಕುಗಳು ಆದವು. 1951ರ ‘ಕಾಸರಗೋಡು ತಾಲೂಕಿನ’ ಅಂಕಿಯನ್ನು 2011ರ ‘ಕಾಸರಗೋಡು ತಾಲೂಕಿನ’ ಅಂಕಿಯ ಪಕ್ಕದಲ್ಲಿಟ್ಟು ಏರಿಳಿತದ ಗ್ರಾಫ್ ಬಿಡಿಸಿದ್ದರೆ ಆ ಗ್ರಾಫಿಗೆ ಅರ್ಥವಿಲ್ಲ. ಹೆಸರು ಒಂದೇ ಆದರೂ ನೆಲ ಬೇರೆ. ಇಂಥದನ್ನು ಹಿಡಿಯಲು ಊರಿನವರೇ ಬೇಕು.

ಕಾನೂನಿನ ಉಲ್ಲೇಖಗಳನ್ನು ಮೂಲದಲ್ಲೇ ನೋಡಿ, ಅಡಿಟಿಪ್ಪಣಿಯನ್ನು ನಂಬಬೇಡಿ. ಸಂವಿಧಾನದ 350ಎ (ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ) ಮತ್ತು 350ಬಿ (ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿ) ಮೂಲ ಸಂವಿಧಾನದಲ್ಲಿ ಇರಲಿಲ್ಲ. 1956ರ ಏಳನೇ ತಿದ್ದುಪಡಿಯಲ್ಲಿ ಬಂದವು. ಅಲ್ಪಸಂಖ್ಯಾತರು ಯಾರು ಎಂದು ಎಣಿಸುವ ಘಟಕ ರಾಜ್ಯವೇ ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹೇಳಿದ್ದು 2002ರಲ್ಲಿ. ಪ್ರತ್ಯೇಕ ಲಿಪಿ ಇಲ್ಲದಿದ್ದರೂ ಪ್ರತ್ಯೇಕ ಆಡುಮಾತಿದ್ದರೆ ಭಾಷಾ ಅಲ್ಪಸಂಖ್ಯಾತರಾಗಬಹುದು ಎಂಬ ಮಾತು 1971ರ ಡಿ.ಎ.ವಿ. ಕಾಲೇಜು ಪ್ರಕರಣದ್ದು. ತುಳುವಿನ ಬಗ್ಗೆ ಚರ್ಚಿಸುವ ಪುಸ್ತಕ ಇದನ್ನು ಬಿಟ್ಟಿದ್ದರೆ ಗಮನಿಸತಕ್ಕ ಲೋಪ. ಶಾಲೆಯಲ್ಲಿ ಮಲಯಾಳ ಕಲಿಕೆಯ ಬಗ್ಗೆ ಬರೆದಿದ್ದರೆ 2017ರ ಕೇರಳದ ಮಲಯಾಳ ಭಾಷಾ ಕಲಿಕೆ ಕಾಯ್ದೆಯನ್ನು ಕಾಯ್ದೆಯ ಪಠ್ಯದಿಂದಲೇ ಉಲ್ಲೇಖಿಸಿದ್ದಾರೆಯೆ, ಪತ್ರಿಕಾ ವರದಿಯಿಂದಲೆ ಎಂದು ನೋಡಿ.

ಈಗ ಮಹಾಜನ ಆಯೋಗದ ತಪ್ಪು. ನಿಜ ಸಂಗತಿ ಹೀಗಿದೆ: ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 5ನೇ ಸೆಕ್ಷನ್ ಅದನ್ನು ಜಾರಿಗೆ ತಂದಿತು. ಮೆಹರ್ ಚಂದ್ ಮಹಾಜನ್ ಆಯೋಗ ನೇಮಕವಾದದ್ದೇ ಹತ್ತು ವರ್ಷಗಳ ನಂತರ, 1966ರಲ್ಲಿ. 1967ರ ವರದಿಯಲ್ಲಿ ಅದು ಹೇಳಿದ್ದು ಪುಸ್ತಕ ಹೇಳುವುದರ ತದ್ವಿರುದ್ಧ: ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು. ಅದು ಜಾರಿಯಾಗಲಿಲ್ಲ. ಮಹಾರಾಷ್ಟ್ರದ ಗಡಿಯಲ್ಲಿ 264 ಹಳ್ಳಿಗಳನ್ನು ಅತ್ತ, 247 ಹಳ್ಳಿಗಳನ್ನು ಇತ್ತ ಕೊಡಲು ಮಾಡಿದ ಶಿಫಾರಸೂ ಜಾರಿಯಾಗಲಿಲ್ಲ.

ತಪ್ಪಿನ ತೂಕ ನೋಡುವ ವಿಧಾನ ಸರಳ: ಅದನ್ನು ತಿದ್ದಿ ಬರೆದರೆ ಪಕ್ಕದ ವಾಕ್ಯ ನಿಲ್ಲುತ್ತದೆಯೆ? ಗಡಿ ವಿವಾದಗಳ ಹಿನ್ನೆಲೆ ಹೇಳುವ ಭರದಲ್ಲಿ ಲೇಖಕರು ಎರಡು ಆಯೋಗಗಳನ್ನು ಅದಲುಬದಲು ಮಾಡಿದ್ದರೆ, ತಿದ್ದಿದ ಮೇಲೂ ಅಧ್ಯಾಯ ಹಾಗೇ ಇರುತ್ತದೆ. ಒಂದು ಸಾಲು ಸಾಕು. ಆದರೆ ‘ಕೇಂದ್ರ ನೇಮಿಸಿದ ತಟಸ್ಥ ಆಯೋಗಗಳ ಮಾತಿಗೆ ರಾಜ್ಯಗಳು ತಲೆಬಾಗಿದ್ದರಿಂದ ಭಾರತದಲ್ಲಿ ಗಡಿ ವಿವಾದಗಳು ಶಮನವಾದವು’ ಎಂಬುದು ಅಧ್ಯಾಯದ ಪ್ರಮೇಯವಾಗಿದ್ದರೆ, ಅದಕ್ಕೆ ಕಾಸರಗೋಡನ್ನೇ ಸಾಕ್ಷಿಯಾಗಿ ಕರೆದಿದ್ದರೆ, ತಿದ್ದಿದ ಕೂಡಲೇ ಸಾಕ್ಷಿ ಎದುರು ಪಕ್ಷಕ್ಕೆ ಹೋಗುತ್ತದೆ. ಆಯೋಗ ಹೇಳಿತು, ರಾಜ್ಯ ಒಪ್ಪಲಿಲ್ಲ. ಆಗ ನಿಮ್ಮ 1,500 ಪದಗಳಲ್ಲಿ 500 ಇದಕ್ಕೇ ಮೀಸಲಿಡಿ.

ಇದೇ ಜಾತಿಯ ಇನ್ನೊಂದು ತಪ್ಪು ಕಾಸರಗೋಡಿನ ಎಡನೀರಿನದು. ಸಂವಿಧಾನದ ತತ್ತ್ವ ಬರೆಯುವವರೆಲ್ಲ ಕೇಶವಾನಂದ ಭಾರತಿ ಪ್ರಕರಣವನ್ನು ಉಲ್ಲೇಖಿಸುತ್ತಾರೆ, ಎಡನೀರು ಮಠದ ಸ್ವಾಮೀಜಿ ಸರ್ಕಾರದ ವಿರುದ್ಧ ಗೆದ್ದರು ಎಂದು ಬರೆಯುವುದೂ ಉಂಟು. 1973ರ ಏಪ್ರಿಲ್ 24ರ ಆ ತೀರ್ಪಿನಲ್ಲಿ 13 ನ್ಯಾಯಮೂರ್ತಿಗಳು 7–6ರಂತೆ ಒಡೆದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ತಿದ್ದಲಾಗದು ಎಂಬ ತತ್ತ್ವ ಬಂತು. ಆದರೆ ಕೇರಳದ ಭೂಸುಧಾರಣಾ ತಿದ್ದುಪಡಿ ಕಾಯ್ದೆಗಳನ್ನು ಒಂಬತ್ತನೇ ಅನುಸೂಚಿಗೆ (ಕಾಯ್ದೆಗಳನ್ನು ನ್ಯಾಯಾಲಯದ ಪ್ರಶ್ನೆಯಿಂದ ಕಾಪಾಡಲು ಮಾಡಿದ ಪಟ್ಟಿಗೆ) ಸೇರಿಸಿದ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಅಂದರೆ ತತ್ತ್ವ ಗೆದ್ದಿತು, ಭೂಮಿ ಕೈತಪ್ಪಿತು. ವ್ಯಾಜ್ಯದ ಫಲವೂ ತತ್ತ್ವವೂ ಒಂದೇ ಎಂದು ಓದಿದ ಪುಸ್ತಕ, ನ್ಯಾಯಾಲಯಗಳು ಆಸ್ತಿಯ ಪರ ನಿಂತವು ಎಂಬ ತಪ್ಪು ತೀರ್ಮಾನಕ್ಕೆ ಸುಲಭವಾಗಿ ಜಾರುತ್ತದೆ.

ಬರವಣಿಗೆಯ ಹಂಚಿಕೆ ಬಗ್ಗೆ. 1,500 ಪದದಲ್ಲಿ ಪ್ರಮೇಯ ಮತ್ತು ಅದು ಯಾವ ಚರ್ಚೆಯೊಳಗೆ ಬರುತ್ತದೆ ಎಂಬುದಕ್ಕೆ 200, ವಾದದ ಗಟ್ಟಿ ರೂಪಕ್ಕೆ 400, ನಿಮ್ಮ ಪರೀಕ್ಷೆಗೆ 600ರಿಂದ 650, ಪುಸ್ತಕ ನಿಜವಾಗಿ ಸಾಧಿಸಿದ್ದಕ್ಕೆ 150, ಸಣ್ಣ ತಪ್ಪುಗಳಿಗೆ 50, ಉಳಿದದ್ದು ಯಾರು ಇದನ್ನು ಓದಬೇಕು ಎಂಬುದಕ್ಕೆ. ಮೆಚ್ಚುಗೆಯನ್ನು ಕೊನೆಯಲ್ಲಿ ಸಮಾಧಾನಕ್ಕೆಂದು ಅಂಟಿಸಬೇಡಿ. ಮೇಲಿನ ಮಾದರಿಯಂತೆ ವಾದದ ಒಳಗೇ ಬರಲಿ. ಉದ್ಧರಣೆ ಒಟ್ಟು 100–120 ಪದ ಮೀರದಿರಲಿ, ಪ್ರತಿಯೊಂದಕ್ಕೂ ಪುಟಸಂಖ್ಯೆ ಇರಲಿ. ಇಂಗ್ಲಿಷ್ ಪರಿಭಾಷೆಗೆ ಒಮ್ಮೆ ಆರಿಸಿಕೊಂಡ ಕನ್ನಡ ಪದವನ್ನು ಕೊನೆಯವರೆಗೂ ಬದಲಿಸಬೇಡಿ. ತಲೆಯಲ್ಲಿ ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ ಹಾಕುವುದು ರೂಢಿ. ಗಟ್ಟಿ ರಟ್ಟಿನ ವಿದೇಶಿ ಮುದ್ರಣಗಳ ಬೆಲೆ ಸಾವಿರಗಳಲ್ಲಿ ಇರುತ್ತದೆ, ಭಾರತೀಯ ಮುದ್ರಣ ಇದ್ದರೆ ಅದನ್ನೂ ತಿಳಿಸಿ. ಓದುಗರಿಗೆ ನಿಜಕ್ಕೂ ಉಪಕಾರವಾಗುವ ಮಾಹಿತಿ ಅದು.

ಎಐ ಯಂತ್ರಕ್ಕೆ ಪುಸ್ತಕ ತಿನ್ನಿಸಿ ಸಾರಾಂಶ ಪಡೆಯುವ ಆಸೆ ಬರಬಹುದು. ಆ ಸಾರಾಂಶ ವಾದದ ಚೂಪನ್ನೆಲ್ಲ ಸವರಿ ಸದಾಶಯ ಮಾಡಿಬಿಡುತ್ತದೆ, ಇಲ್ಲದ ಪುಟಸಂಖ್ಯೆಗಳನ್ನೂ ಕೊಡಬಹುದು. ಸಾರಾಂಶ ಬರೆದಿದ್ದಕ್ಕೇ ಅಲ್ಲವೆ ನಿಮ್ಮ ಕರಡು ವಾಪಸ್ ಬಂದದ್ದು.

ಪೂರಕ ಓದಿಗೆ ನಿಮಗಿರುವ ಅನುಕೂಲ ಕಡಿಮೆಯೇನಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಮತ್ತು ವಿದ್ಯಾನಗರದ ಸರ್ಕಾರಿ ಕಾಲೇಜಿನ ಗ್ರಂಥಾಲಯಗಳಲ್ಲಿ ಹೊರಗಿನವರಿಗೆ ಕೂತು ಓದಲು ಯಾವ ವ್ಯವಸ್ಥೆ ಇದೆ ಎಂದು ಮೊದಲೇ ಕೇಳಿಕೊಳ್ಳಿ. 2025ರಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸಿಗುತ್ತವೆ. ಅಲ್ಲಿನ ವಿದ್ಯಾರ್ಥಿ ಅಥವಾ ಅಧ್ಯಾಪಕರ ನೆರವಿದ್ದರೆ ಬೇಕಾದ ಮೂರ್ನಾಲ್ಕು ಲೇಖನ ಓದುವುದು ಕಷ್ಟವಲ್ಲ. ಭಾರತದ ಅನೇಕ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತ. ಪುಸ್ತಕದ ಮೂಲ ಪ್ರಬಂಧ ಅಲ್ಲಿದ್ದರೆ, ಏನು ಹೊಸದಾಗಿ ಸೇರಿದೆ ಎಂದು ಹೋಲಿಸಬಹುದು. ಇದೇ ಪುಸ್ತಕಕ್ಕೆ ಬೇರೆಯವರು ಬರೆದ ವಿಮರ್ಶೆಗಳನ್ನು ನಿಮ್ಮ ಕರಡು ಮುಗಿದ ಮೇಲೆ ಓದಿ, ಮೊದಲು ಓದಿದರೆ ಅವರ ಆಕ್ಷೇಪವೇ ನಿಮ್ಮದಾಗಿಬಿಡುತ್ತದೆ.

ಕಳಿಸುವ ಮುನ್ನ ಸಂಪಾದಕರಿಗೆ ತಿಳಿಸಬೇಕಾದ ವಿಷಯಗಳೂ ಇವೆ. ಲೇಖಕರು ನಿಮಗೆ ಪರಿಚಿತರೆ, ಕೃತಜ್ಞತಾ ಪುಟದಲ್ಲಿ ನಿಮ್ಮ ಹೆಸರಿದೆಯೆ, ನಿಮ್ಮ ಮಾರ್ಗದರ್ಶಕರ ಜೊತೆ ಲೇಖಕರಿಗೆ ಸಾರ್ವಜನಿಕ ವಾದ ಇದೆಯೆ? ಗಡಿ ವಿಷಯದ ಮನವಿಪತ್ರಗಳಿಗೆ ನೀವು ಸಹಿ ಹಾಕಿದ್ದರೆ, ಕನ್ನಡ ಸಂಘಟನೆಯಲ್ಲಿ ಪದಾಧಿಕಾರಿಯಾಗಿದ್ದರೆ ವಿಮರ್ಶೆಯ ಕೊನೆಯ ಪರಿಚಯ ಸಾಲಿನಲ್ಲೇ ಹೇಳಿಬಿಡಿ. ಅದರಿಂದ ಬರವಣಿಗೆಯ ತೂಕ ಇಳಿಯುವುದಿಲ್ಲ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಇಳಿಯುತ್ತದೆ.

ಪ್ರಕಟವಾದ ಮೇಲೆ ಲೇಖಕರು ಉತ್ತರ ಬರೆಯಬಹುದು. ಬರೆದರೆ ನಿಮ್ಮ ಪ್ರತ್ಯುತ್ತರ 300 ಪದ ಮೀರದಿರಲಿ, ವಾಸ್ತವ ತಪ್ಪು ತೋರಿಸಿದ್ದರೆ ಮೊದಲ ವಾಕ್ಯದಲ್ಲೇ ಒಪ್ಪಿಕೊಳ್ಳಿ, ಹೊಸ ಆಕ್ಷೇಪ ಸೇರಿಸಬೇಡಿ. ಓದುವಾಗ ಮಾಡಿಕೊಂಡ ಟಿಪ್ಪಣಿ, ಪುಟಸಂಖ್ಯೆ, ಜನಗಣತಿಯ ಕೋಷ್ಟಕದ ಪ್ರತಿ, ಕಾಯ್ದೆಯ ಪ್ರತಿ ಇವನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಿ.